ಪ್ಯಾಕೆಟ್ ಹರಿದರೆ ಸೊರಗು ನಿಲ್ಲುತ್ತಾ?

ಬೆಳಿಗ್ಗೆಯಿಂದ ಮೂರನೇ ಸಲ ಅದೇ ರೀಲ್ ಬಂತು. ಇಸ್ತ್ರಿ ಮಾಡಿದ ಅಂಗಿ ತೊಟ್ಟವರೊಬ್ಬರು ಕಾಳುಮೆಣಸಿನ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಟ್ರೈಕೋಡರ್ಮಾ ಪ್ಯಾಕೆಟ್ ಹರಿದು, ಒಂದು ಮುಷ್ಟಿ ಎರಚಿ, 'ಸೊರಗು ರೋಗಕ್ಕೆ ಇನ್ನು ಗುಡ್‌ಬೈ' ಅಂತಾರೆ. ಹಿನ್ನೆಲೆಯಲ್ಲಿ ಕೊಳಲು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ. ನಾನು ಸಾವಯವದ ಪರ ಅಂತ ಇಲ್ಲಿರುವವರಿಗೆಲ್ಲ ಗೊತ್ತು. ಮೈ ಉರಿಯೋದು ಅದಕ್ಕೇ.

ಆ ಪುಡಿ ವಿಭೂತಿಯಲ್ಲ ಸ್ವಾಮಿ, ಜೀವ ಇರುವ ಶಿಲೀಂಧ್ರ. ಶೀಘ್ರ ಸೊರಗು ತರುವ ಫೈಟಾಫ್ತೊರಾ ಅನ್ನುವ ರೋಗಾಣು ಬೇರು ಮುಟ್ಟುವ ಮೊದಲೇ ಅದು ಬುಡದಲ್ಲಿ ಬೀಡು ಬಿಟ್ಟಿರಬೇಕು. ಒಣ ಮಣ್ಣಿನ ಮೇಲೆ ಬಿಸಿಲಲ್ಲಿ ಎರಚಿದರೆ ತಿನ್ನೋಕೆ ಏನೂ ಸಿಗದೆ ಸಾಯುತ್ತೆ. 100 ಕೆಜಿ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ 10 ಕೆಜಿ ಬೇವಿನ ಹಿಂಡಿ, 1 ಕೆಜಿ ಟ್ರೈಕೋಡರ್ಮಾ ಸೇರಿಸಿ, ನೆರಳಲ್ಲಿ ರಾಶಿ ಮಾಡಿ, ಒದ್ದೆ ಗೋಣಿ ಹೊದಿಸಬೇಕು. ಹಿಡಿ ಗೊಬ್ಬರ ಹಿಂಡಿದರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ನಡುವೆ ಒಮ್ಮೆ ಮಗುಚಿ. ಹದಿನೈದು ದಿನಕ್ಕೆ ಹಸಿರು ಬೂಸು ಕಾಣಬೇಕು. ಕಾಣದಿದ್ದರೆ ಪ್ಯಾಕೆಟ್ಟು ಅಂಗಡಿಯ ಬಿಸಿಲಲ್ಲೇ ಸತ್ತಿತ್ತು, ಇಲ್ಲಾ ಗೊಬ್ಬರ ಹಸಿಯಿದ್ದು ಕಾವಿಗೆ ಬೆಂದುಹೋಯ್ತು.

ಈಗ ಲೆಕ್ಕ. ಬಳ್ಳಿಗೆ 50 ಗ್ರಾಂ ಟ್ರೈಕೋಡರ್ಮಾ ಅಂದರೆ ಈ ಗೊಬ್ಬರ ಸುಮಾರು ಐದೂವರೆ ಕೆಜಿ. 500 ಬಳ್ಳಿಗೆ ಸುಮಾರು ಎರಡೂಮುಕ್ಕಾಲು ಟನ್. ಗುಡ್ಡದ ಇಳಿಜಾರಲ್ಲಿ, ತಲೆಹೊರೆಯಲ್ಲಿ, ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ. ಆಗಸ್ಟ್–ಸೆಪ್ಟೆಂಬರಲ್ಲಿ ಇನ್ನೊಮ್ಮೆ. ಹೊರುವವರು ಯಾರು, ಕೂಲಿ ಎಷ್ಟು, ಅಷ್ಟು ಗೊಬ್ಬರಕ್ಕೆ ಕೊಟ್ಟಿಗೆಯಲ್ಲಿ ದನ ಎಲ್ಲಿದೆ? ರೀಲ್‌ನಲ್ಲಿ ಬಳ್ಳಿ ಒಂದೇ ಇತ್ತು ನೋಡಿ.

ಇನ್ನು ತಾಮ್ರದ ಕಥೆ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಾದರೆ ಕೊಳೆರೋಗಕ್ಕೆ ಮೇಲೆ ಹೊಡೆದ ಬೋರ್ಡೋ (ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಸುಣ್ಣ ಕಲಸಿದ ದ್ರಾವಣ) ಕೆಳಗೂ ಇಳಿಯುತ್ತೆ. ಜೊತೆಗೆ ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಅನ್ನುವ ಶಿಲೀಂಧ್ರನಾಶಕ ಸುರಿಯೋದು ಬೇರೆ. ನಿನ್ನೆ ಸಾಕಿದ ಟ್ರೈಕೋಡರ್ಮಾಕ್ಕೆ ಇವತ್ತು ತಾಮ್ರದ ಸ್ನಾನ! ಎರಡರ ನಡುವೆ ಕನಿಷ್ಠ 15 ದಿನ ಬಿಡಿ ಅಂತಾರೆ. ಆರಿದ್ರಾ ಮಳೆ ಕ್ಯಾಲೆಂಡರ್ ನೋಡಿಕೊಂಡು ಬಿಡುವು ಕೊಡುತ್ತಾ?

ತಾಮ್ರ ಬಿಟ್ಟೇಬಿಡಿ ಅನ್ನುವವರದ್ದು ಇನ್ನೊಂದು ಗುಂಪು. 'ಅಜ್ಜನ ಕಾಲದಲ್ಲಿ ಮದ್ದೇ ಇರಲಿಲ್ಲ' ಅಂತ ಅವರ ವಾದ. ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನಕ್ಕೆ ಬಂದದ್ದು 1908ರಲ್ಲಿ. ಕೊಳೆಗೆ ಬೋರ್ಡೋ ಹೊಡೆಯೋದನ್ನು ಕಲಿಸಿದ್ದು ಅವರು. ನಿಮ್ಮ ಅಜ್ಜನಿಗಷ್ಟೇ ಅಲ್ಲ, ಅಜ್ಜನ ಅಪ್ಪನಿಗೂ ಮೈಲುತುತ್ತ ಗೊತ್ತಿತ್ತು. ಸಾವಯವ ನಿಯಮವೂ ತಾಮ್ರವನ್ನು ಮಿತಿ ಹಾಕಿ ಒಪ್ಪುತ್ತೆ. ಯುರೋಪ್ ಒಕ್ಕೂಟದಲ್ಲಿ ಹೆಕ್ಟೇರಿಗೆ 7 ವರ್ಷಕ್ಕೆ 28 ಕೆಜಿ, ಸರಾಸರಿ ವರ್ಷಕ್ಕೆ 4. ಮೈಲುತುತ್ತದಲ್ಲಿ ತಾಮ್ರ ಕಾಲುಭಾಗ. ಅಂದರೆ ವರ್ಷಕ್ಕೆ 16 ಕೆಜಿ ಮೈಲುತುತ್ತ, ಶೇ 1ರ ಬೋರ್ಡೋ 1,600 ಲೀಟರ್. ಅಡಿಕೆಗೂ ಮೆಣಸಿಗೂ ಸೇರಿ ಇಷ್ಟರಲ್ಲೇ ಮುಗಿಸಬೇಕು ಅಂದರೆ ಒಂದು ಸುತ್ತೂ ದಂಡವಾಗಬಾರದು. 1 ಕೆಜಿ ಮೈಲುತುತ್ತ 50 ಲೀಟರಲ್ಲಿ, 1 ಕೆಜಿ ಸುಟ್ಟ ಸುಣ್ಣ ಇನ್ನೊಂದು 50 ಲೀಟರಲ್ಲಿ, ಪ್ಲಾಸ್ಟಿಕ್ ಡ್ರಮ್ಮಲ್ಲೇ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತ ಸುರಿಯಬೇಕು. ಉಜ್ಜಿದ ಕತ್ತಿ ಅದ್ದಿದಾಗ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತೆ. ಕಲಸಿದ್ದು ಅವತ್ತೇ ಖಾಲಿಯಾಗಬೇಕು.

ಇಷ್ಟೆಲ್ಲ ಮಾಡಿಯೂ ಬುಡದಲ್ಲಿ ನೀರು ನಿಂತರೆ ಪ್ಯಾಕೆಟ್ಟೂ ಇಲ್ಲ, ಬೋರ್ಡೋನೂ ಇಲ್ಲ. ಆ ರೋಗಾಣು ಈಜಿಕೊಂಡು ಬರುತ್ತೆ! ಬಸಿಗಾಲುವೆಯ ಹೂಳು ಮಳೆಗೆ ಮೊದಲೇ ತೆಗೆದಿರಬೇಕು. ಹಾಲುವಾಣ, ಸಿಲ್ವರ್ ಓಕ್ ಕೊಂಬೆ ಸವರಿ ಬೆಳಕು ಬಿಡಬೇಕು. ನೆಲದ ಮೇಲೆ ಹರಿದ ಹಬ್ಬು ಬಳ್ಳಿ ಕತ್ತರಿಸಬೇಕು, ಇಲ್ಲಾ ಎತ್ತಿ ಕಟ್ಟಬೇಕು, ಯಾಕೆಂದರೆ ಮಳೆಹನಿಗೆ ಸಿಡಿದ ಮಣ್ಣು ಮೊದಲು ಹತ್ತೋದು ಆ ಎಲೆಗಳಿಗೆ. ಬುಡಕ್ಕೆ ದರಗೆಲೆ ಮುಚ್ಚಬೇಕು. ಕಳೆನಾಶಕ ಬಿಟ್ಟಿದ್ದೀವಿ ಅಂತ ಬೀಗುವವರ ತೋಟಕ್ಕೆ ಹೋಗಿ ನೋಡಿ, ವೀಡ್ ಕಟರ್‌ನ ದಾರ ಬಡಿದು ಬಳ್ಳಿಯ ಬುಡದಲ್ಲಿ ಗಾಯ. ರೋಗಕ್ಕೆ ಬಾಗಿಲು ತೆರೆದಿಟ್ಟು ಒಳಗೆ ಟ್ರೈಕೋಡರ್ಮಾ ಕಾವಲು! ಬುಡದ ಸುತ್ತ ಎರಡು ಅಡಿ ಕೈಯಲ್ಲೇ ಕಳೆ ಕೀಳಬೇಕು, ಗುದ್ದಲಿಯೂ ತಾಗಿಸಬಾರದು. ಮತ್ತೆ ಆಳು, ಮತ್ತೆ ಕೂಲಿ. ಬೇಡ ಬಿಡಿ, ಸಿಟ್ಟು ಬರುತ್ತೆ.

'ಸಾವಯವಕ್ಕೆ ರೇಟು ಸಿಗುತ್ತಲ್ಲ' ಅನ್ನಬಹುದು. ರಫ್ತಿಗೆ ಬೇಕಾದ ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಪ್ರಮಾಣಪತ್ರಕ್ಕೆ ಬಹುವಾರ್ಷಿಕ ಬೆಳೆಯಾದರೆ 36 ತಿಂಗಳ ಪರಿವರ್ತನೆ ಅವಧಿ. ಮೂರು ವರ್ಷ ಖರ್ಚು ಸಾವಯವದ್ದು, ಬೆಲೆ ಮಾಮೂಲಿಯದ್ದು. ಅಲ್ಲಿಯವರೆಗೆ ಪೇಟೆಯ ಮಂಡಿಯಲ್ಲಿ ಕೇಳೋದು ಎರಡೇ: ಲೀಟರಿಗೆ ಎಷ್ಟು ಗ್ರಾಂ ತೂಗುತ್ತೆ, ತೇವ ಎಷ್ಟು. ವಿಷಮುಕ್ತ ಅಂತ ಹೇಳಿ ನೋಡಿ, 'ಒಳ್ಳೇದಾಯ್ತು ಗೌಡ್ರೇ' ಅಂದು ಅದೇ ಚೀಲಕ್ಕೆ ಸುರೀತಾರೆ.

ಪ್ಯಾಕೆಟ್ ಕೆಟ್ಟದ್ದು ಅಂತ ನಾನೆಲ್ಲೂ ಹೇಳಿಲ್ಲ, ದಯವಿಟ್ಟು ಆ ಜಗಳಕ್ಕೆ ಬರಬೇಡಿ. ಹದವಾಗಿ ಬೆಳೆಸಿ ಹೊತ್ತಿಗೆ ಸರಿಯಾಗಿ ಹಾಕಿದರೆ ಕೆಲಸ ಮಾಡುತ್ತೆ. ಆದರೆ ಮಳೆಗಾಲದಲ್ಲಿ ಕೊಳೆತ ಬೇರು ಎಷ್ಟೋ ಸಲ ಮಳೆ ನಿಂತ ಮೇಲೇ ಲಕ್ಷಣ ತೋರಿಸೋದು. ಅಲ್ಲಿಯವರೆಗೆ ಬಳ್ಳಿ ಹಸಿರಾಗೇ ನಗುತ್ತಿರುತ್ತೆ, ವಿಡಿಯೊಗೆ ಚೆನ್ನಾಗೇ ಕಾಣುತ್ತೆ. ರೀಲ್ ಮಾಡಿದ ಮಹನೀಯರು ಅಕ್ಟೋಬರ್ ಕೊನೆಗೆ ಅದೇ ಬಳ್ಳಿಯ ಪಕ್ಕ ನಿಂತು ಇನ್ನೊಂದು ವಿಡಿಯೊ ಹಾಕಲಿ. ಕೊಳಲು ಇಲ್ಲದಿದ್ದರೂ ನಡೆಯುತ್ತೆ.