ಡಿಮಾರ್ಟ್ ನೋಡಿ ಸೂಪರ್ ಮಾರ್ಕೆಟ್ ತೆರೆಯುವವರು ಮೊದಲು ಹಾಕಬೇಕಾದ ಲೆಕ್ಕ

ಈಗ ತಾಲ್ಲೂಕು ಕೇಂದ್ರಗಳಲ್ಲೂ ಒಂದೊಂದು 'ಮಾರ್ಟ್' ಏಳುತ್ತಿದೆ. ಮುಖ್ಯರಸ್ತೆಯಲ್ಲಿ ದುಬಾರಿ ಬಾಡಿಗೆಯ ಮಳಿಗೆ, ಎಸಿ, ಗಾಜಿನ ಬಾಗಿಲು, ಎಂಆರ್‌ಪಿ ಮೇಲೆ ರಿಯಾಯಿತಿ ಎನ್ನುವ ಫ್ಲೆಕ್ಸು. ಒಂದೆರಡು ವರ್ಷದಲ್ಲಿ ರ‍್ಯಾಕುಗಳು ಅರ್ಧ ಖಾಲಿ, ಆಮೇಲೆ ಬಾಗಿಲಿಗೆ ಬೀಗ. ಡಿಮಾರ್ಟ್‌ನವರ ಕೈಲಾದದ್ದು ನಮ್ಮ ಕೈಲೇಕೆ ಆಗದು ಎಂದು ಹೊರಟು ಮನೆ, ಒಡವೆ ಅಡವಿಟ್ಟವರಿದ್ದಾರೆ. ಅವರು ನಕಲು ಮಾಡಿದ್ದು ದರವನ್ನು ಮಾತ್ರ. ಆ ದರ ಎಲ್ಲಿಂದ ಹುಟ್ಟುತ್ತದೆ ಎಂದು ಯಾರೂ ಅವರಿಗೆ ಹೇಳಲಿಲ್ಲ. ಅದಕ್ಕೇ ಈ ಬರಹ.

ಡಿಮಾರ್ಟ್ ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್ ಕಂಪನಿ 2023-24ರಲ್ಲಿ ಮಾಡಿದ ವ್ಯಾಪಾರ ಸುಮಾರು 50,800 ಕೋಟಿ ರೂಪಾಯಿ. ನಿವ್ವಳ ಲಾಭ ಸುಮಾರು 2,536 ಕೋಟಿ. ಅಂದರೆ ನೂರು ರೂಪಾಯಿ ಮಾಲು ಮಾರಿದರೆ ಕೊನೆಗೆ ಉಳಿಯುವುದು ಐದು ರೂಪಾಯಿ. ಮಾಲಿನ ಅಸಲು ಕಳೆದರೆ ಕೈಯಲ್ಲಿರುವುದು ಸುಮಾರು 15. ಸಂಬಳ, ಕರೆಂಟು, ಸಾಗಣೆ ಎಲ್ಲ ಹೋಗಿ 8. ಸವಕಳಿ (ಕಟ್ಟಡ, ಯಂತ್ರಗಳ ಬೆಲೆ ವರ್ಷವರ್ಷ ಕುಗ್ಗುವ ಲೆಕ್ಕ), ತೆರಿಗೆ ಹೋಗಿ 5. ಈಗ ಈ ಲೆಕ್ಕದೊಳಗೆ ಒಂದು ಬಾಡಿಗೆ ಸೇರಿಸಿ ನೋಡಿ. ವ್ಯಾಪಾರದ ನೂರಕ್ಕೆ ಐದು ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೂ ಲಾಭದ ಬಹುಪಾಲು ಕಟ್ಟಡದ ಮಾಲೀಕನ ಮನೆ ಸೇರಿತು.

ಷೇರುಪೇಟೆಯಲ್ಲಿ ಹೆಸರು ಮಾಡಿದ್ದ ರಾಧಾಕಿಶನ್ ದಮಾನಿ ಮೊದಲ ಮಳಿಗೆ ತೆರೆದದ್ದು 2002ರಲ್ಲಿ, ಮುಂಬೈನ ಪೊವಾಯಿಯಲ್ಲಿ. ಅಲ್ಲಿಂದ ಇಂದಿನವರೆಗೂ ಕಂಪನಿಯ ಪದ್ಧತಿ ಹೆಚ್ಚುಕಡಿಮೆ ಒಂದೇ: ಜಾಗ ಕೊಂಡುಕೊಳ್ಳುವುದು, ಇಲ್ಲವೇ ಬಹಳ ದೀರ್ಘ ಅವಧಿಯ ಗುತ್ತಿಗೆಗೆ ಪಡೆಯುವುದು. ಹಾಗಾಗಿಯೇ ಬೆಳವಣಿಗೆ ಅಷ್ಟು ನಿಧಾನ. ಹದಿನೈದು ವರ್ಷ ಕಳೆದು 2017ರ ಮಾರ್ಚ್‌ನಲ್ಲಿ ಷೇರು ಬಿಡುಗಡೆ ಮಾಡುವಾಗಲೂ ಮಳಿಗೆಗಳು ನೂರು ದಾಟಿದ್ದವು, ಅಷ್ಟೆ. 299 ರೂಪಾಯಿಗೆ ಹಂಚಿದ ಷೇರು ಮೊದಲ ದಿನವೇ ದುಪ್ಪಟ್ಟಾಯಿತು. ಎಲ್ಲರಿಗೂ ನೆನಪಿರುವುದು ಅದೊಂದೇ, ಅದರ ಹಿಂದಿನ ಹದಿನೈದು ವರ್ಷ ಯಾರ ನೆನಪಿನಲ್ಲೂ ಇಲ್ಲ. 2025ರ ಮಾರ್ಚ್ ಕೊನೆಗೆ 415 ಮಳಿಗೆಗಳಾದವು.

ಇದರ ಪಕ್ಕದಲ್ಲಿ ಸುಭಿಕ್ಷಾ ಎಂಬ ದಿನಸಿ ಅಂಗಡಿ ಸರಣಿಯನ್ನು ಇಟ್ಟು ನೋಡಿ. 1997ರಲ್ಲಿ ಚೆನ್ನೈನಲ್ಲಿ ಹುಟ್ಟಿ, ಹನ್ನೊಂದು-ಹನ್ನೆರಡು ವರ್ಷದಲ್ಲಿ ದೇಶದುದ್ದಕ್ಕೂ ಸುಮಾರು 1,600 ಅಂಗಡಿ ತೆರೆಯಿತು. ಬೆಳೆದದ್ದು ಸಾಲದ ಮೇಲೆ. 2009ರ ಆರಂಭಕ್ಕೆ ಕೈಯಲ್ಲಿ ರೋಖ ಇಲ್ಲದೆ ಎಲ್ಲ ಮುಚ್ಚಿತು. ಬಿಗ್ ಬಜಾರ್ ಕತೆ ಇನ್ನೂ ಕಣ್ಣೆದುರಿನದು. ಅದನ್ನು ನಡೆಸುತ್ತಿದ್ದ, ಸಾಲದಲ್ಲಿ ಮುಳುಗಿದ್ದ ಫ್ಯೂಚರ್ ಗ್ರೂಪ್ ಬಾಡಿಗೆ ಕಟ್ಟಲಾಗದೆ ಒದ್ದಾಡುತ್ತಿದ್ದಾಗ ಅದರ ಎಷ್ಟೋ ಮಳಿಗೆಗಳ ಗುತ್ತಿಗೆ ರಿಲಯನ್ಸ್ ಹೆಸರಿಗೆ ಬಂದಿತ್ತು. 2022ರ ಫೆಬ್ರವರಿಯಲ್ಲಿ ರಿಲಯನ್ಸ್ ಆ ಮಳಿಗೆಗಳನ್ನು ವಶಕ್ಕೆ ತೆಗೆದುಕೊಂಡಿತು. ಗಿರಾಕಿ, ಹೆಸರು, ಸಿಬ್ಬಂದಿ ಎಲ್ಲ ಇದ್ದರೂ ಕಾಲ ಕೆಳಗಿನ ನೆಲ ತಮ್ಮದಾಗಿರಲಿಲ್ಲ.

ಸ್ವಂತ ಕಟ್ಟಡ ಪುಕ್ಕಟೆ ಎಂದೇನೂ ಅಲ್ಲ. ಜಾಗಕ್ಕೆ ಸುರಿದ ಹಣ ಅಲ್ಲೇ ಕೂರುತ್ತದೆ. ಬಾಡಿಗೆ ಲೆಕ್ಕಪುಸ್ತಕದಲ್ಲಿ ಕಾಣುವುದಿಲ್ಲ ಎಂದ ಮಾತ್ರಕ್ಕೆ ಖರ್ಚೇ ಇಲ್ಲ ಎನ್ನಲಾಗದು. ಬಡಾವಣೆಯ ಗಿರಾಕಿ ಬೇರೆ ಕಡೆ ತಿರುಗಿದರೆ ಕಟ್ಟಡ ಹೊತ್ತುಕೊಂಡು ಹೋಗಲಿಕ್ಕೂ ಆಗದು. ಅದಕ್ಕೇ ಡಿಮಾರ್ಟ್‌ನವರು ಒಂದು ಪ್ರದೇಶ ಹಿಡಿದರೆ ಅದರ ಸುತ್ತಮುತ್ತಲೇ ಗುಂಪಾಗಿ ಬೆಳೆಯುತ್ತಾರೆ. ಮೊದಲು ಮಹಾರಾಷ್ಟ್ರ, ಗುಜರಾತ್, ಆಮೇಲೆ ತೆಲಂಗಾಣ, ಆಂಧ್ರ, ಕರ್ನಾಟಕ. ಒಂದು ಗೋದಾಮಿನ ಲಾರಿ ಹತ್ತಾರು ಮಳಿಗೆಗೆ ಮಾಲು ಇಳಿಸಿದರೆ ಸಾಗಣೆ ಖರ್ಚು ಹಂಚಿಹೋಗುತ್ತದೆ.

ಇನ್ನು ಉದ್ದರಿ. ನನ್ನ ಪ್ರಕಾರ ಸಣ್ಣ ವ್ಯಾಪಾರಿ ಇವರಿಂದ ನಿಜಕ್ಕೂ ಕಲಿಯಬಹುದಾದದ್ದು ಇಲ್ಲಿದೆ. ದೊಡ್ಡ ಮಳಿಗೆ ಸರಣಿಗಳು ಸಾಮಾನ್ಯವಾಗಿ ಪೂರೈಕೆದಾರರ ಹಣ ತಿಂಗಳುಗಟ್ಟಲೆ ಹಿಡಿದಿಟ್ಟು ಅದರಲ್ಲೇ ವ್ಯಾಪಾರ ನಡೆಸುತ್ತವೆ. ಡಿಮಾರ್ಟ್ ಸರಾಸರಿ ವಾರದ ಆಸುಪಾಸಿನಲ್ಲಿ ಹಣ ಕಟ್ಟಿಬಿಡುತ್ತದೆ, ದಾಸ್ತಾನು ತಿರುಗುವುದು ಸುಮಾರು ಒಂದು ತಿಂಗಳಿಗೆ. ಬೇಗ ಕಟ್ಟಿದವನಿಗೆ ದರ ಇಳಿಯುತ್ತದೆ, ಮಾಲಿನ ಅಭಾವ ಬಂದಾಗ ಮೊದಲ ಲಾರಿ ಅವನಿಗೇ ಬರುತ್ತದೆ. ಉದಾಹರಣೆಗೆ ಲಕ್ಷ ರೂಪಾಯಿ ದಾಸ್ತಾನು ತಿಂಗಳಿಗೊಮ್ಮೆ ತಿರುಗುತ್ತದೆ, ರೋಖಕ್ಕೆ ನೂರಕ್ಕೆ ಒಂದು ರೂಪಾಯಿ ಹೆಚ್ಚುವರಿ ರಿಯಾಯಿತಿ ಸಿಗುತ್ತದೆ ಎಂದುಕೊಳ್ಳಿ. ತಿಂಗಳಿಗೆ ಸಾವಿರ, ವರ್ಷಕ್ಕೆ ಹನ್ನೆರಡು ಸಾವಿರ, ಅಂದರೆ ಶೇ. 12. ಅದೇ ಮಾಲು ಎರಡು ತಿಂಗಳು ರ‍್ಯಾಕಿನಲ್ಲಿ ಕೂತರೆ ಶೇ. 6 ಮಾತ್ರ, ಬ್ಯಾಂಕ್ ಬಡ್ಡಿಗೂ ಸಾಲದು. ಹಾಗಾಗಿ ಹತ್ತು ಬಗೆಯ ಶಾಂಪೂ ಇಟ್ಟು ನಾಲ್ಕೇ ಓಡುತ್ತಿದ್ದರೆ ಉಳಿದ ಆರನ್ನು ತೆಗೆದುಬಿಡಬೇಕು. ಇದು ಮಾತ್ರ ಬಹಳ ಜನರಿಗೆ ಮನಸ್ಸಾಗುವುದಿಲ್ಲ, ಗಿರಾಕಿ ಕೇಳಿದರೆ ಇಲ್ಲ ಎನ್ನಬೇಕಲ್ಲ ಎಂಬ ಸಂಕೋಚ.

ಯಾವ ಮಾಲು ಎಷ್ಟು ಎನ್ನುವುದೂ ಮುಖ್ಯ. ಡಿಮಾರ್ಟ್ ವ್ಯಾಪಾರದಲ್ಲಿ ಅರ್ಧಕ್ಕಿಂತ ಹೆಚ್ಚು ಆಹಾರ ಪದಾರ್ಥ, ಐದರಲ್ಲೊಂದು ಪಾಲು ಸೋಪು, ಪೇಸ್ಟಿನಂಥವು. ಗಿರಾಕಿಯನ್ನು ಕರೆತರುವುದು ಇವು, ಲಾಭ ಕಡಿಮೆ. ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಡಬ್ಬ, ಬೆಡ್‌ಶೀಟು, ಮಕ್ಕಳ ಬಟ್ಟೆಯಲ್ಲಿ ಲಾಭ ಹೆಚ್ಚು. ಬೇಳೆ ಕೊಳ್ಳಲು ಬಂದವರು ಟ್ರಾಲಿಗೆ ಒಂದು ಬಕೆಟ್ಟೂ ಹಾಕಿಕೊಂಡರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಕೋವಿಡ್ ಹೊಡೆದದ್ದು ಸರಿಯಾಗಿ ಇಲ್ಲಿಗೇ. ಈ ವಿಭಾಗದ ಪಾಲು ಶೇ. 27ರ ಆಸುಪಾಸಿನಿಂದ 23ರ ಆಸುಪಾಸಿಗೆ ಇಳಿಯಿತು, ಆಮೇಲಿನ ವರ್ಷಗಳಲ್ಲೂ ಹಳೆಯ ಮಟ್ಟಕ್ಕೆ ಏರಲಿಲ್ಲ. ಧಾನ್ಯ, ಮಸಾಲೆ, ಒಣಹಣ್ಣಿನ ಪ್ಯಾಕಿಂಗಿಗೆ ಅಲೈನ್ ರಿಟೇಲ್ ಟ್ರೇಡ್ಸ್ ಎಂಬ ತಮ್ಮದೇ ಅಂಗಸಂಸ್ಥೆ ಇಟ್ಟುಕೊಂಡಿರುವುದರಿಂದ ಆ ಮಾಲುಗಳಲ್ಲಿ ನಡುವಿನ ಒಂದು ಕೈ ತಪ್ಪುತ್ತದೆ.

ಬಾಗಿಲಲ್ಲಿ ಬಿಲ್ಲು ನೋಡಿ ಕಳಿಸುವ ಸೆಕ್ಯುರಿಟಿಯವರ ಮೇಲೆ ಸಿಟ್ಟಾಗುವವರಿಗೆ ಒಂದು ಮಾತು. 85 ರೂಪಾಯಿ ಅಸಲಿನ ಒಂದು ಡಬ್ಬ ಕಳುವಾದರೆ, ಡಬ್ಬಕ್ಕೆ ಐದು ರೂಪಾಯಿ ಉಳಿಯುವ ವ್ಯಾಪಾರದಲ್ಲಿ ಅದನ್ನು ತುಂಬಿಕೊಳ್ಳಲು ಇನ್ನು 17 ಡಬ್ಬ ಮಾರಬೇಕು. ಒಡೆದ ಎಣ್ಣೆ ಪ್ಯಾಕೆಟ್ಟು, ಅವಧಿ ಮುಗಿದ ಬಿಸ್ಕತ್ತು, ತೂಕದಲ್ಲಾದ ತಪ್ಪು ಎಲ್ಲಕ್ಕೂ ಇದೇ ಲೆಕ್ಕ.

ಹತ್ತು ನಿಮಿಷದಲ್ಲಿ ಮನೆಗೆ ತರುವ ಆ್ಯಪ್‌ಗಳ ಬಿಸಿ ಡಿಮಾರ್ಟ್‌ನವರಿಗೂ ತಟ್ಟಿದೆ. ಮಹಾನಗರಗಳ ದೊಡ್ಡ ವಹಿವಾಟಿನ ಮಳಿಗೆಗಳಲ್ಲಿ ಆನ್‌ಲೈನ್ ದಿನಸಿಯ ಪರಿಣಾಮ ಕಾಣುತ್ತಿದೆ ಎಂದು 2024ರ ಅಕ್ಟೋಬರ್‌ನಲ್ಲಿ ಕಂಪನಿಯೇ ಹೇಳಿತು. ತಿಂಗಳ ಮೊದಲ ಭಾನುವಾರ ಬಿಲ್ಲಿಂಗ್ ಸಾಲಿನಲ್ಲಿ ನಿಲ್ಲಲಾರದವರು ಮೊದಲು ಜಾರುತ್ತಾರೆ. ಇಡೀ ತಿಂಗಳ ದಿನಸಿಯನ್ನು ಒಟ್ಟಿಗೆ ಒಯ್ಯುವ ಕುಟುಂಬಗಳು ಅಷ್ಟು ಬೇಗ ಬಿಟ್ಟುಹೋಗುವುದಿಲ್ಲ ಎಂದು ನನ್ನ ಎಣಿಕೆ.

ನಿಮ್ಮೂರಿನಲ್ಲಿ ಮಳಿಗೆ ಬಾಡಿಗೆಗೆ ಹಿಡಿಯುವವರು ಕರಾರಿಗೆ ಸಹಿ ಹಾಕುವ ಮುನ್ನ ಹೀಗೆ ನೋಡಿ. ತಿಂಗಳ ಬಾಡಿಗೆ 60 ಸಾವಿರ ಎಂದುಕೊಳ್ಳಿ. ವ್ಯಾಪಾರ 12 ಲಕ್ಷವಾದರೆ ಬಾಡಿಗೆಯೇ ಶೇ. 5. ಅದನ್ನು ಶೇ. 3ಕ್ಕೆ ಇಳಿಸಲು 20 ಲಕ್ಷ ಮಾರಬೇಕು, ಅಂದರೆ ದಿನಕ್ಕೆ ಸುಮಾರು 67 ಸಾವಿರ, ಒಂದು ದಿನವೂ ರಜೆಯಿಲ್ಲದೆ. ಅಷ್ಟು ಗಿರಾಕಿ ಆ ರಸ್ತೆಯಲ್ಲಿ ಇಲ್ಲವೆಂದಾದರೆ ಅಡ್ಡರಸ್ತೆಯ ಅರ್ಧ ಬಾಡಿಗೆಯ ಜಾಗ ನೋಡಿ. ಎಸಿ, ಗಾಜಿಗೆ ಎತ್ತಿಟ್ಟ ದುಡ್ಡನ್ನು ಡಿಸ್ಟ್ರಿಬ್ಯೂಟರಿಗೆ ರೋಖ ಕೊಡಲು ಉಳಿಸಿಕೊಳ್ಳಿ.