ನಿರೀಕ್ಷಿತ ಉತ್ತರ

ಬಿ.ಇಡಿ. 2015ಕ್ಕೆ ಮುಂಚೆ ಒಂದೇ ವರ್ಷದ್ದಿತ್ತಂತೆ. ನಾನು ಹುಟ್ಟಿದ್ದು ತಡವಾಯಿತು. ಎರಡು ವರ್ಷ ಬರೆಯುವ ಯೋಗ. ‘ಬೋಧನೆ-ಕಲಿಕೆ ಕುರಿತು ನನ್ನ ನಂಬಿಕೆಗಳು’ ಎಂದು ನಾಲ್ಕು ಪುಟ ಗೀಚಿದೆ. ಮಗು ಖಾಲಿ ಕೊಡವಲ್ಲ, ತನ್ನ ಅನುಭವದಿಂದಲೇ ಜ್ಞಾನ ಕಟ್ಟಿಕೊಳ್ಳುತ್ತದೆ ಎಂದೆಲ್ಲ. ಮನೋವಿಜ್ಞಾನಿಗಳಾದ ಪಿಯಾಜೆ, ವೈಗಾಟ್‌ಸ್ಕಿ ಇಬ್ಬರನ್ನೂ ಸಾಕ್ಷಿಗೆ ಕರೆದಿದ್ದೆ. ಹತ್ತಕ್ಕೆ ಒಂಬತ್ತು ಬಂತು.

ಆ ಒಂಬತ್ತನ್ನು ಹೊತ್ತುಕೊಂಡು ಆಗಸ್ಟಿನ ಒಂದು ಬೆಳಗ್ಗೆ ಶಾಲೆಯಲ್ಲಿ ಅಭ್ಯಾಸ ಪಾಠ ಮಾಡಲು ಕಲಬುರಗಿಯಿಂದ ಸೇಡಂ ಬಸ್ಸು ಹತ್ತಿದೆ. ಎಂಟನೇ ತರಗತಿ, ಸೂಕ್ಷ್ಮಜೀವಿಗಳ ಪಾಠ. ಗಾಳಿಯ ನೈಟ್ರೋಜನ್ನನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾಗಳು ವಾಸಿಸುವ ಬೇರಿನ ಗಂಟು ತೋರಿಸಲು ಶಾಲೆ ಪಕ್ಕದ ಹೊಲದಿಂದ (ಕೇಳಿಯೇ) ಒಂದು ತೊಗರಿ ಗಿಡ ಕಿತ್ತೆ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಬಂದದ್ದು ನನಗೆ ಬಾಯಿಪಾಠ. ಗಿಡ ಮುಟ್ಟಿದ್ದು ಅವತ್ತೇ ಮೊದಲು.

ಪಾಠ ಶುರುವಾಗುವ ಮುಂಚಿನ ಪ್ರಶ್ನೆಗಳ ಪೀಠಿಕೆಯಲ್ಲಿ ಪಾಠದ ಹೆಸರು ಮಕ್ಕಳ ಬಾಯಿಂದಲೇ ಹೊರಡಬೇಕು. ನಾವು ಹೇಳಿದರೆ ಅಂಕ ಕಟ್. ಪಾಠಯೋಜನೆಯ ‘ನಿರೀಕ್ಷಿತ ಉತ್ತರ’ದ ಕಾಲಂನಲ್ಲಿ ‘ಗಾಳಿಯಿಂದ’ ಎಂದು ಬರೆದಿಟ್ಟಿದ್ದೆ.

“ಬೆಳೆಗೆ ನೈಟ್ರೋಜನ್ ಎಲ್ಲಿಂದ ಸಿಗುತ್ತದೆ?”

“ಯೂರಿಯಾದಿಂದ್ರಿ!”

“ಯೂರಿಯಾ ಇಲ್ಲದಿದ್ದರೆ?”

“ಸೊಸೈಟಿಗಿ ಹೋಗಿ ತರಬೇಕ್ರಿ!”

“ದುಡ್ಡೇ ಕೊಡದೆ ಸಿಗಬೇಕು...”

“ಉದ್ರಿ ತರಬೇಕ್ರಿ!”

ಪಾಠ ನೋಡಿ ಅಂಕ ಹಾಕಲು ಹಿಂದಿನ ಬೆಂಚಿನಲ್ಲಿ ಕೂತಿದ್ದ ನಮ್ಮ ಬಿ.ಇಡಿ. ಮೆಥಡ್ ಸರ್ ಪೆನ್ನಿನ ಕ್ಯಾಪು ತೆಗೆದರು.

ಗಡಬಡಿಸಿ ಗಿಡ ಎತ್ತಿ ಹಿಡಿದೆ. ಬೇರು ಇಲಿಬಾಲದ ಹಾಗೆ ನುಣ್ಣಗೆ. ಒಂದು ಗಂಟೂ ಇಲ್ಲ.

“ಹಂಗ ಜಗ್ಗಿದ್ರ ಗಂಟು ಎರಿಮಣ್ಣಾಗೇ ಉಳಿತಾವ್ರಿ ಸರ್. ಅಗೀಬೇಕ್ರಿ,” ಎಂದಳು ಮುಂದಿನ ಸಾಲಿನ ಹುಡುಗಿ. ಕೈತೋಟದ ಖುರ್ಪಿ ಹಿಡಿದು ಓಡಿದವಳು ಹೆಂಟೆ ಸಮೇತ ಗಿಡ ತಂದು ಬಕೆಟ್ಟಿನಲ್ಲಿ ಅದ್ದಿದಳು. ಬೇರಿನ ತುಂಬ ಸಾಸಿವೆಯಂಥ ಗಂಟು. ಒಂದನ್ನು ಉಗುರಿನಲ್ಲಿ ಒಡೆದಳು: ಒಳಗೆ ನಸುಗೆಂಪು. ಗಂಟಿಗೆ ಆ ಬಣ್ಣ ಕೊಡುವ ಪ್ರೋಟೀನು, ಲೆಗ್‌ಹಿಮೋಗ್ಲೋಬಿನ್! ಬಿ.ಎಸ್ಸಿ.ಯಲ್ಲಿ ಎರಡು ಅಂಕಕ್ಕೆ ಬರೆದಿದ್ದೆ, ಬಣ್ಣ ನೋಡಿರಲಿಲ್ಲ.

“ತೊಗರಿ ಬೆಳೆದ ಹೊಲದಾಗ ಮುಂದಿನ ವರ್ಷ ಜ್ವಾಳ ಚಲೋ ಬರ್ತದಂತ್ರಿ. ನಮ್ಮ ಮುತ್ಯಾ ಹೇಳ್ತಾನ.”

ಅದು ನನ್ನ ಪಾಠಯೋಜನೆಯ ಕೊನೆಯ ವಾಕ್ಯ. ಪಿರಿಯಡ್ಡು ಇನ್ನೂ ಇಪ್ಪತ್ತೈದು ನಿಮಿಷ ಬಾಕಿ.

ಕಲಿಯುವವರ ಪಕ್ಕದಲ್ಲಿ ಹೆಚ್ಚು ತಿಳಿದವರೊಬ್ಬರು ಇರಬೇಕು ಎಂಬುದು ವೈಗಾಟ್‌ಸ್ಕಿಯ ವಾದ. ನಿಯಮದ ಪ್ರಕಾರ ಎಲ್ಲ ಸರಿಯಾಗಿಯೇ ಇತ್ತು. ಕಲಿಯುತ್ತಿದ್ದವನು ನಾನು, ಅಷ್ಟೇ. ಉಳಿದ ಹೊತ್ತು ಖುರ್ಪಿ ಅವಳದು, ಬಕೆಟ್ಟು ನನ್ನದು.

ಸಂಜೆ ವೀಕ್ಷಣಾ ಪುಸ್ತಕ ಕೈಗೆ ಬಂತು. ಸರ್ ಬರೆದಿದ್ದರು: ‘ವಿದ್ಯಾರ್ಥಿಗಳ ಪಾಲ್ಗೊಳ್ಳುವಿಕೆ ಅತ್ಯುತ್ತಮ. ಶಿಕ್ಷಕರದು ಸುಧಾರಿಸಬೇಕು. ನೆಲದ ಮಣ್ಣು ಗುಡಿಸಿ ಹೋಗುವುದು.’