ಬೆಂಗಳೂರಿನ ಲ್ಯಾಬ್‌ಗೆ ಕಳಿಸುವ ಮಾತು ಬೇಡ

ಬೆಂಗಳೂರಿನಿಂದ ವಾರಾಂತ್ಯಕ್ಕೆ ಮಕ್ಕಳನ್ನು ಕಟ್ಟಿಕೊಂಡು ಕರಾವಳಿಗೆ ಹೋಗುವವರು ಎಷ್ಟೋ ಜನ, ಅಲ್ಲಿ ಈಜುವ ನೀರಿನಲ್ಲಿ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಪರೀಕ್ಷಿಸುವ ವಿಷಯವನ್ನು ನಿಮ್ಮ ಲೇಖನ ಎತ್ತಿದ್ದು ಒಳ್ಳೆಯದಾಯಿತು. ಆದರೆ ತಿಂಗಳಿಗೊಮ್ಮೆ ಸಮುದ್ರದ ನೀರು ತೆಗೆದು ಬೆಂಗಳೂರಿಗೆ ಕಳಿಸಿದರೆ ಸಾಕು ಎಂಬ ಅದರ ಸಲಹೆ ಸರಿಯಲ್ಲ. ಮಾದರಿಯನ್ನು ಐಸ್ ಪೆಟ್ಟಿಗೆಯಲ್ಲಿ 10 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಇಟ್ಟು 6 ಗಂಟೆಯೊಳಗೆ ಲ್ಯಾಬ್ ಮುಟ್ಟಿಸಬೇಕು. ಘಾಟಿ ಹತ್ತಿ ನಮ್ಮ ಟ್ರಾಫಿಕ್ ದಾಟುವಷ್ಟರಲ್ಲಿ ಆ ಗಡುವು ಮುಗಿದು, ಬ್ಯಾಕ್ಟೀರಿಯಾ ಎಣಿಕೆಯನ್ನು ನಂಬುವಂತಿರುವುದಿಲ್ಲ. ಪರೀಕ್ಷೆ ಕರಾವಳಿಯಲ್ಲೇ ಆಗಲಿ.

ನೀರು ತೆಗೆಯುವಾಗಲೇ ಹೆಚ್ಚು ಕೆಡುವುದು. ಮೊಣಕಾಲಿನಿಂದ ಸೊಂಟದಷ್ಟು ಆಳದಲ್ಲಿ ನಿಂತು, ಕಾಲಿನಿಂದ ಎದ್ದ ಮರಳು ತಿಳಿಯಾಗುವವರೆಗೆ ಕಾಯಬೇಕು. ಮರಳಿನಲ್ಲೂ ಬ್ಯಾಕ್ಟೀರಿಯಾ ಇರುವುದರಿಂದ ಎಣಿಕೆ ಸುಮ್ಮನೆ ಏರುತ್ತದೆ. ಸ್ಟೆರೈಲ್ (ಕ್ರಿಮಿಮುಕ್ತ) ಬಾಟಲಿಯ ಬಾಯಿ ಕೆಳಗೆ ಮಾಡಿ ಸುಮಾರು 30 ಸೆಂ.ಮೀ. ಮುಳುಗಿಸಿ, ನೀರು ಹರಿದು ಬರುವ ಕಡೆಗೆ ತಿರುಗಿಸಿ ತುಂಬಿಸಬೇಕು. ಮುಚ್ಚಳದ ಒಳಗೆ ಬೆರಳು ತಾಗಕೂಡದು. ಕುಲುಕಲು ಮೇಲೆ ಒಂದಿಂಚು ಜಾಗ ಬಿಡಿ. ಬೆಳಿಗ್ಗೆಯೇ ತೆಗೆಯಿರಿ, ಬಿಸಿಲೇರಿದರೆ ಸೂಕ್ಷ್ಮಜೀವಿಗಳು ಸತ್ತು ನೀರು ಇದ್ದದ್ದಕ್ಕಿಂತ ಶುದ್ಧವಾಗಿ ಕಾಣುತ್ತದೆ.

ನೀರಿಗೆ ಮಲದ ಕೊಳೆ ಸೇರಿದೆಯೇ ಎಂದು ತಿಳಿಯಲು ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಒಂದನ್ನೇ ನೋಡಿದರೂ ಸಾಲದು. ಉಪ್ಪುನೀರಿನಲ್ಲಿ ಅದು ಬೇಗ ಸಾಯುತ್ತದೆ, ಅಂಥದೇ ಇನ್ನೊಂದು ಬ್ಯಾಕ್ಟೀರಿಯಾ ಎಂಟರೊಕಾಕೈ ಹೆಚ್ಚು ಕಾಲ ಉಳಿಯುತ್ತದೆ. ನಮ್ಮ ಕರಾವಳಿಯ ಪಡುಬಿದ್ರಿ, ಕಾಸರಕೋಡು ತೀರಗಳಿಗೆ 2020ರಲ್ಲಿ ಸಿಕ್ಕ, ಸ್ವಚ್ಛ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆಯಾದ ಬ್ಲೂ ಫ್ಲ್ಯಾಗ್ ಮಾನದಂಡದಲ್ಲಿ 100 ಮಿ.ಲೀ.ಗೆ ಇ. ಕೋಲಿ 250, ಎಂಟರೊಕಾಕೈ 100 ಮಿತಿ.

ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ಕಲ್ಚರ್ ವರದಿ ಬರಲು ಕನಿಷ್ಠ ಒಂದು ದಿನ ಬೇಕು, ಅಂದರೆ ತೀರದ ಫಲಕದಲ್ಲಿ ಬರೆದಿರುವುದು ನಿನ್ನೆಯ ನೀರಿನ ಸ್ಥಿತಿ. ಜೋರು ಮಳೆಯಾದ ಮೇಲೆ ಎರಡು ದಿನ, ಅದರಲ್ಲೂ ತೋಡು ಅಥವಾ ಅಳಿವೆ ಸಮುದ್ರ ಸೇರುವ ಕಡೆ, ವರದಿಗೆ ಕಾಯದೆ ಈಜು ನಿಲ್ಲಿಸಬೇಕು.